ಮೊಬೈಲಿನ ಬದಲು ಮಗುವಿಗೆ ಏನು ಕೊಡೋಣ?

ಮಗುವಿನ ಕೈಯಿಂದ ಮೊಬೈಲನ್ನು ತೆಗೆದುಕೊಳ್ಳುವುದು ಸುಲಭ. ಬರಿದಾದ ಆ ಕೈಗೆ ಏನು ಕೊಡಬೇಕೆಂಬುದೇ ಕಷ್ಟದ ಪ್ರಶ್ನೆ. ‘ಹೊರಗೆ ಹೋಗಿ ಆಡಿಕೊಳ್ಳಲಿ’ ಎಂಬ ಉಪದೇಶ ಬಯಲುಸೀಮೆಗೆ ಒಪ್ಪೀತು. ಹೆಗ್ಗದ್ದೆಯಂತಹ ಊರುಗಳಲ್ಲಿ, ಸಕಲೇಶಪುರ ಮತ್ತು ಆಲೂರಿನ ಬೆಟ್ಟಸೀಮೆಯಲ್ಲಿ, ಅದು ಅಷ್ಟು ಸರಳವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಡಿಮಳೆ. ಮಳೆ ಹೊಳವಾದರೆ ಕಾಡಾನೆಯ ಭಯ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತಂದೆತಾಯಂದಿರಿಬ್ಬರೂ ದಿನವಿಡೀ ತೋಟದಲ್ಲಿ. ಮನೆಗಳೂ ದೂರ ದೂರ; ಜೊತೆಗೆ ಆಡಲು ಓರಗೆಯ ಮಕ್ಕಳು ಸಿಗುವುದು ಅಪರೂಪ. ಈ ಕೊರತೆಯ ನಡುವೆ ಮೊಬೈಲು ದಾದಿಯಾಗಿ ಮನೆಯೊಳಗೆ ಬಂದಿದೆ. ಆನೆಗಳ ಸಂಚಾರದ ಎಚ್ಚರಿಕೆಯೂ ಅದರಲ್ಲೇ ಬರುವುದರಿಂದ, ಅದನ್ನು ಮನೆಯಿಂದಾಚೆ ಇಡಿರೆಂದು ಹೇಳಲಾಗದು. ಆದ್ದರಿಂದ ಪಾಲಕರನ್ನು ದೂರುವುದು ನಮ್ಮ ಉದ್ದೇಶವಲ್ಲ.

ಆದರೆ ಮಿತಿಯೊಂದು ಇರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಮಾರ್ಗಸೂಚಿಯಂತೆ ಒಂದು ವರ್ಷದೊಳಗಿನ ಶಿಶುವಿಗೆ ಪರದೆ ಸಲ್ಲದು. 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಲೇಸು. 3–4 ವರ್ಷದ ಮಗುವಿಗೆ ದಿನದಲ್ಲಿ ಒಟ್ಟು 180 ನಿಮಿಷಗಳಷ್ಟಾದರೂ ಮೈಯಾಡಿಸುವ ಚಟುವಟಿಕೆ, 10ರಿಂದ 13 ಗಂಟೆಗಳ ನಿದ್ರೆ ಬೇಕೆಂದೂ ಅದು ಹೇಳುತ್ತದೆ. ಪರದೆಯ ಮುಂದೆ ಕಳೆದ ಹೊತ್ತು ಈ ಓಟದಿಂದ, ಈ ನಿದ್ರೆಯಿಂದ, ಎದುರಿನವರ ಮುಖ ನೋಡಿ ಕಲಿಯುವ ಮಾತಿನಿಂದ ಕಳೆದುಹೋಗುವ ಹೊತ್ತೇ ಆಗಿರುತ್ತದೆ.

ಮೊಬೈಲು ತುಂಬುತ್ತಿರುವುದು ಹಿರಿಯರ ಒಡನಾಟದ ಕೊರತೆಯನ್ನು ಎಂಬುದು ನಮ್ಮ ಅಭಿಪ್ರಾಯ. ದುಬಾರಿ ಆಟಿಕೆಗಳಿಂದ ಅದು ನೀಗದು. ಹಿರಿಯರ ಕಾಯಕದಲ್ಲಿ ಮಗುವಿಗೂ ಒಂದು ಪಾಲು ದೊರೆಯಬೇಕು. ಮಗುವಿನ ಆಟದಲ್ಲಿ ಹಿರಿಯರೂ ಕೂರಬೇಕು.

ತೋಟದ ಮನೆಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಬರೆದಿಡುವ ರೂಢಿಯುಂಟು. ಆ ಕೆಲಸವನ್ನು ಹತ್ತು ವರ್ಷದ ಮಗುವಿಗೆ ಒಪ್ಪಿಸಬಹುದು. ನೂರು ಸೆಂಟಿಗೆ ಒಂದು ಇಂಚು ಎಂದು ಕೂಡುತ್ತ ಹೋದಂತೆ ದಶಮಾಂಶ ತಾನಾಗಿ ಕೈವಶವಾಗುತ್ತದೆ. ಮಳೆಮಾಪಕವಿಲ್ಲದ ಮನೆಯಲ್ಲಿ ತಳದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿ ಮತ್ತು ಶಾಲೆಯ ಅಳತೆಪಟ್ಟಿ ಸಾಕು. ಚಿಕ್ಕವರು ರೊಟ್ಟಿಯ ಹಿಟ್ಟು ನಾದಲಿ, ಒಣಗಿದ ಮೆಣಸಿನ ಕಾಳುಗಳಿಂದ ಕಡ್ಡಿ ಆರಿಸಲಿ. ಕೆಲಸ ನಿಧಾನವಾದೀತು, ಆ ನಿಧಾನವನ್ನು ಸಹಿಸುವುದೇ ಹಿರಿಯರ ಪಾಲಿನ ಶಿಸ್ತು.

ಮಳೆಗಾಲದ ಜಗಲಿಗೆ ಹೇಳಿಮಾಡಿಸಿದ ಆಟಗಳು ನಮ್ಮಲ್ಲೇ ಇವೆ. ಚೌಕಾಬಾರಕ್ಕೆ ಬೇಕಾದುದು ಸೀಮೆಸುಣ್ಣದಲ್ಲಿ ಗೀಚಿದ 25 ಮನೆಗಳು, ನಾಲ್ಕು ಕವಡೆಗಳು. ಅಳಗುಳಿಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು. ಎಣಿಸುವುದು, ಮುಂದಾಲೋಚಿಸುವುದು, ಸೋತರೂ ಮುನಿಯದಿರುವುದು ಎಲ್ಲವನ್ನೂ ಅದು ಕಲಿಸುತ್ತದೆ. ಆದರೆ ಗುಳಿಗೆ ಗುಲಗಂಜಿಯನ್ನು ತುಂಬಬಾರದು. ಜಗಿದು ನುಂಗಿದರೆ ಅದು ಪ್ರಾಣಾಪಾಯದ ವಿಷ. ಹುಣಿಸೆ ಬೀಜವೇ ಕ್ಷೇಮ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಯಾವ ಸಣ್ಣ ಬೀಜವೂ ಸಿಗಬಾರದು. ಗಂಟಲಿನಲ್ಲಿ ಸಿಕ್ಕಿ ಉಸಿರು ಕಟ್ಟೀತು.

ಕೊಯ್ಲಿನ ದಿನಗಳಲ್ಲಿ ದುಡಿದು ದಣಿದು ಬರುವ ತಾಯಿಗೆ ಇವೆಲ್ಲ ಹೊರೆಯಾಗಬಾರದು. ಮನೆಯ ಅಜ್ಜ ಅಜ್ಜಿಯರು ಒಗಟು ಒಡ್ಡಲಿ, ಕಥೆ ಹೇಳಲಿ, ಒಂದೊಂದು ವಚನವನ್ನು ಬಾಯಿಪಾಠ ಮಾಡಿಸಲಿ. ಓದಬಲ್ಲ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಿದೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದವರಿಗೆ ಅಲ್ಲಿ ಸದಸ್ಯತ್ವ ಉಚಿತ. ವಾರದ ಸಂತೆಗೆ ಹೋಗುವಾಗ ಮಗುವನ್ನೂ ಕರೆದೊಯ್ದು ಒಂದು ಪುಸ್ತಕ ತರುವುದು ಹೆಚ್ಚಿನ ಶ್ರಮವೇನಲ್ಲ.

ಸದ್ಭಕ್ತರಲ್ಲಿ ನಮ್ಮದೊಂದೇ ಕೋರಿಕೆ. ಸಂಜೆ ದೀಪ ಹಚ್ಚಿದ ಬಳಿಕ ಒಂದು ಗಂಟೆ ಮನೆಯ ಎಲ್ಲ ಮೊಬೈಲುಗಳೂ, ಹಿರಿಯರದೂ ಸೇರಿ, ಗೋಡೆಯ ಗೂಡಿನಲ್ಲಿರಲಿ. ಆನೆಯ ಎಚ್ಚರಿಕೆ ತಪ್ಪದಂತೆ ಸದ್ದು ಮಾತ್ರ ಜೋರಾಗಿರಲಿ. ಮೊದಲ ನಾಲ್ಕು ದಿನ ಮಗು ಹಟ ಮಾಡೀತು. ಐದನೆಯ ದಿನ ತಾನೇ ಕವಡೆ ತಂದು ನಿಮ್ಮ ಮುಂದೆ ಕೂತರೆ ಅಚ್ಚರಿಪಡಬೇಡಿ. ಆಗ ಕೆಲಸದ ನೆಪ ಹೇಳಿ ಏಳಲೂ ಬೇಡಿ.