ಜಕ್ಕೂರಿನ ಸಣ್ಣ ವಿಮಾನಗಳ ಸುರಕ್ಷತೆ: ಮನವಿ ಪತ್ರ

ಇವರಿಗೆ,
ಮಹಾನಿರ್ದೇಶಕರು,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ನವದೆಹಲಿ

ವಿಷಯ: ಜಕ್ಕೂರು ವಿಮಾನನೆಲೆಯಿಂದ ಪ್ರಯಾಣಿಕರನ್ನು ಹೊತ್ತು ಹಾರುವ ಖಾಸಗಿ ವಿಮಾನಗಳ ಬಗ್ಗೆ.

ಮಾನ್ಯರೆ,

2004ರ ಏಪ್ರಿಲ್ 17ರಂದು ಬೆಳಗ್ಗೆ ಹನ್ನೊಂದರ ಸುಮಾರಿಗೆ ಜಕ್ಕೂರಿನಿಂದ ಕರೀಂನಗರಕ್ಕೆ ಹೊರಟ ಸೆಸ್ನಾ 180 ವಿಮಾನ, ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಬಳ್ಳಾರಿ ರಸ್ತೆಯಾಚೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದು ಉರಿದುಹೋಯಿತು. ಚುನಾವಣಾ ಪ್ರಚಾರಕ್ಕೆ ಹೊರಟಿದ್ದ ನಟಿ ಸೌಂದರ್ಯ, ಅವರ ಸಹೋದರ, ಇನ್ನೊಬ್ಬ ಸಹಪ್ರಯಾಣಿಕರು, ಪೈಲಟ್ ನಾಲ್ವರೂ ತೀರಿಕೊಂಡರು. ಅದೇ ವರ್ಷ ಸೌಂದರ್ಯ ನಟಿಸಿದ್ದ ‘ಆಪ್ತಮಿತ್ರ’ ಚಿತ್ರ ತೆರೆಕಂಡಾಗ ಅದನ್ನು ನೋಡಲು ಅವರಿರಲಿಲ್ಲ. ನಟಿಯನ್ನು ನಾಡು ಇಂದಿಗೂ ನೆನೆಯುತ್ತದೆ. ಆ ವಿಮಾನದ ಮಾತೆತ್ತುವವರು ಕಡಿಮೆ. ನಾವು ಅದನ್ನೇ ಎತ್ತುತ್ತಿದ್ದೇವೆ.

ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಬಿಸಿಲು 33 ಡಿಗ್ರಿಗೆ ಏರಿದರೆ ಗಾಳಿ ಇನ್ನಷ್ಟು ತೆಳುವಾಗಿ, ವಿಮಾನದ ಪಾಲಿಗೆ ಅದು ಸುಮಾರು 6,000 ಅಡಿಯ ಗಾಳಿಯಾಗುತ್ತದೆ. ಎಂದರೆ ನಂದಿಬೆಟ್ಟದ ನೆತ್ತಿಗಿಂತಲೂ ಮೇಲಿನದು. ಎಂಜಿನ್ನಿನ ಕಸುವು ಇಳಿಯುತ್ತದೆ, ರೆಕ್ಕೆಗೆ ಆಸರೆ ಸಾಲದು, ರನ್‌ವೇ ಹೆಚ್ಚು ಬೇಕು. ಆಸನಗಳೆಲ್ಲ ತುಂಬಿ, ಇರುವ ಒಂದೇ ಎಂಜಿನ್ ಆ ಹೊತ್ತಿನಲ್ಲಿ ಕೈಕೊಟ್ಟರೆ ನೂರಿನ್ನೂರು ಅಡಿಯಲ್ಲಿ ಪೈಲಟ್‌ಗೆ ಹಿಂದಿರುಗುವ ದಾರಿಯಿಲ್ಲ. ಮೂತಿ ತಗ್ಗಿಸಿ, ಎದುರಿಗೆ ಸಿಕ್ಕ ಬಯಲಲ್ಲಿ ಇಳಿಸಬೇಕು. 2004ರಲ್ಲಿ ನಡೆದದ್ದು ಇದೇ ಎಂದು ನಾವು ಹೇಳುತ್ತಿಲ್ಲ. ಆದರೆ ಈ ಲೆಕ್ಕ ಪ್ರತಿ ಬೇಸಿಗೆಗೂ ಅನ್ವಯಿಸುತ್ತದೆ.

ಆದ್ದರಿಂದ ಪ್ರಯಾಣಿಕರಿರುವ ಪ್ರತಿ ಹಾರಾಟಕ್ಕೂ ಮೊದಲು ತೂಕ, ತಾಪಮಾನ, ರನ್‌ವೇ ಉದ್ದ ಮೂರನ್ನೂ ಲೆಕ್ಕಹಾಕಿ ಬರೆದಿಡಬೇಕು. ಪೈಲಟ್ ಅಲ್ಲದ ಇನ್ನೊಬ್ಬರು ಅದಕ್ಕೆ ಸಹಿ ಹಾಕಬೇಕು. ತಾಳೆಯಾಗದಿದ್ದರೆ, ಒಳಗೆ ಕೂತವರು ಎಂಥ ದೊಡ್ಡವರೇ ಆಗಿರಲಿ, ವಿಮಾನ ಏಳಬಾರದು. ಚುನಾವಣೆಯ ದಿನಗಳಲ್ಲಿ ಸಭೆಗೆ ಹೊತ್ತಾಯಿತೆಂಬ ಅವಸರ ಹೆಚ್ಚು. ಆಗ ನಿಮ್ಮ ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಬಂದು ಈ ದಾಖಲೆಗಳನ್ನು ತೆರೆಸಿ ನೋಡಬೇಕು.

ರನ್‌ವೇಯ ಎರಡೂ ತುದಿಗಳಾಚೆ ಕಟ್ಟಡಗಳ ಎತ್ತರವನ್ನು ಹೊಸದಾಗಿ ಅಳೆಸಿ, ಮಿತಿ ಮೀರಿದವುಗಳ ಪಟ್ಟಿ ಹೊರಡಿಸಬೇಕು. ಬಳ್ಳಾರಿ ರಸ್ತೆಯಲ್ಲಿ ಈಗ ಮೇಲ್ಸೇತುವೆಯೂ ಎದ್ದಿದೆ. ನಾಳೆ ಮತ್ತೆ ಜಿಕೆವಿಕೆ ಆವರಣದಲ್ಲಿ ವಿಮಾನ ಬಿದ್ದರೆ ಅಗ್ನಿಶಾಮಕ ವಾಹನ ಈ ದಟ್ಟಣೆ ದಾಟಿ ಯಾವ ಗೇಟಿನಿಂದ ಒಳಹೋಗಬೇಕು, ಬೀಗದ ಕೈ ಯಾರ ಬಳಿ ಇರಬೇಕು ಎಂಬುದನ್ನು ಇಂದೇ ಗೊತ್ತುಮಾಡಿ, ವಿಶ್ವವಿದ್ಯಾಲಯದವರೊಂದಿಗೆ ಸೇರಿ ಅಣಕು ಕಾರ್ಯಾಚರಣೆ ನಡೆಸಿ.

ಅಪಘಾತದ ಅಂತಿಮ ವರದಿ ಸಾಧ್ಯವಾದಷ್ಟೂ 12 ತಿಂಗಳೊಳಗೆ ಬರಬೇಕೆನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ನಾಲ್ಕು ಆಸನದ ವಿಮಾನಕ್ಕೂ ಅದೇ ಗಡುವು ನಡೆಯಲಿ. 2004ರ ಅಪಘಾತದ ತನಿಖಾ ವರದಿಯನ್ನು ಕನ್ನಡದಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಿ.

ದಶಕಗಳಿಂದ ಇಲ್ಲಿರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯನ್ನು ಮುಚ್ಚಿ ಎಂದು ನಾವು ಕೇಳುತ್ತಿಲ್ಲ. ಈ ಬಯಲನ್ನು ನಿವೇಶನವಾಗಿ ನೋಡುವವರ ಕೈಗೆ ನಮ್ಮ ಮನವಿ ಅಸ್ತ್ರವಾಗದಿರಲಿ. ಯಾವ ಬೇಡಿಕೆ ಒಪ್ಪಿದಿರಿ, ಯಾವುದನ್ನು ಏಕೆ ಒಪ್ಪಲಿಲ್ಲ ಎಂಬುದನ್ನು ಮುಂದಿನ ಬೇಸಿಗೆಗೆ ಮೊದಲು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಜಕ್ಕೂರು ವಿಮಾನನೆಲೆ ಸುತ್ತಲಿನ ನಿವಾಸಿಗಳು, ಬೆಂಗಳೂರು

ಪ್ರತಿ: ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಕರ್ನಾಟಕ ಸರ್ಕಾರ