ಬಾಂಡ್ಲಿ ಹೊರಬಹುದು, ನಕ್ಷೆ ಹಿಡಿಯಬಾರದು

"ಸೈಟಿನ ಕೆಲಸ ಹೆಣ್ಣುಮಕ್ಕಳಿಗಲ್ಲ, ಟೀಚರ್." ಸಿವಿಲ್ ಎಂಜಿನಿಯರಿಂಗ್ ಓದಬೇಕೆಂದ ನನ್ನ ವಿದ್ಯಾರ್ಥಿನಿಯರ ಅಪ್ಪಂದಿರು ಹೀಗೆ ಹೇಳುತ್ತಲೇ ಬಂದಿದ್ದಾರೆ. ಸ್ವಾಮಿ, ನಿಮ್ಮ ಮನೆಯ ತಾರಸಿಗೆ ಕಾಂಕ್ರೀಟು ಹೊತ್ತವರು ಯಾರು? ಮಗುವನ್ನು ಮರಳರಾಶಿಯ ಮೇಲೆ ಮಲಗಿಸಿ, ತಲೆಗೆ ಸಿಂಬಿಯಿಟ್ಟು, ಬಾಂಡ್ಲಿ ಹೊತ್ತು ಏಣಿ ಹತ್ತುವವಳಿಗೆ ಬಿಸಿಲು ತಾಗೀತೆಂದು ಯಾರೂ ಮರುಗಲಿಲ್ಲವಲ್ಲ! ವರ್ಷಗಟ್ಟಲೆ ಗಾರೆ ಕಲಸಿ ಕೊಟ್ಟರೂ ಕರಣೆ ಅವಳ ಕೈಗೆ ಬರುವುದು ಅಪರೂಪ. ಕರಣೆ ಹಿಡಿದವರಿಗೆ ಕೂಲಿ ಹೆಚ್ಚು, ನೋಡಿ. ಗಿಂಡಿಯಲ್ಲಿ ಸಿವಿಲ್ ಓದಿದ ಪಿ.ಕೆ. ಥ್ರೇಸಿಯಾ 1971ರಲ್ಲೇ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರಾದರು. ಅವರೇನೂ ಬಿಸಿಲಿಗೆ ಕರಗಿಹೋಗಲಿಲ್ಲ. ಅಳುಕು ಬಿಸಿಲಿನದಲ್ಲ, "ಈ ಗೋಡೆ ಸೊಟ್ಟಗಿದೆ, ಕೆಡವಿ ಕಟ್ಟು" ಎಂದು ಹೆಣ್ಣೊಬ್ಬಳು ಮೇಸ್ತ್ರಿಗೆ ಹೇಳಿಯಾಳೆಂಬುದು. ಹೇಳಲಿ ಬಿಡಿ. ಆ ಗೋಡೆಯ ಪಕ್ಕ ಮಲಗುವವರು ನೀವೇ ತಾನೆ?