ನೆಲ ಕಾಯಿಸಿದರೆ ಅನಿಲ ಎತ್ತ ಹೋಗುತ್ತದೆ?

ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು ಸೋರತೊಡಗಿದರೆ ಬಹಳ ಸಲ ಅದನ್ನು ಮೊದಲು ಹೇಳುವುದು ಪಕ್ಕದ ಬಾವಿಯ ನೀರಿನ ವಾಸನೆ. ಅಷ್ಟರಲ್ಲಿ ಪೆಟ್ರೋಲು ಎರೆಮಣ್ಣು, ಗರಸು ದಾಟಿ ಕರಿಕಲ್ಲಿನ ಬಿರುಕಿಗೆ ಇಳಿದಿರುತ್ತದೆ. ಅಗೆದು ತೆಗೆಯಲಾಗದ ಇಂಥ ಕಡೆ ನೆಲವನ್ನೇ ಕಾಯಿಸಿ, ವಿಷವನ್ನು ಆವಿಯಾಗಿಸಿ ಹೀರಿ ತೆಗೆಯುವ ವಿಧಾನ ಅಮೆರಿಕ, ಯುರೋಪಿನಲ್ಲಿ ರೂಢಿಯಲ್ಲಿದೆ. ಕಲುಷಿತ ತಾಣಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ನಿಯಮ ತಂದಿದೆ. ದೇಶದಲ್ಲಿ ಆಗ ಗುರುತಾಗಿದ್ದ 103 ತಾಣಗಳ ಪೈಕಿ ಶುದ್ಧೀಕರಣ ಆರಂಭವಾಗಿದ್ದದ್ದು 7ರಲ್ಲಿ ಮಾತ್ರ. ಇನ್ನು ಮುಂದೆ ನೆಲ ಕಾಯಿಸುವ ಪ್ರಸ್ತಾವಗಳು ಜಿಲ್ಲಾ ಕಚೇರಿಗಳಿಗೂ ಬಂದಾವು. ಗುತ್ತಿಗೆದಾರರು ಉಷ್ಣಾಂಶದ ಲೆಕ್ಕ ಮುಂದಿಡುತ್ತಾರೆ. ಅಧಿಕಾರಿಗಳು ಅನಿಲದ ಲೆಕ್ಕ ಕೇಳಬೇಕು.

ಪೆಟ್ರೋಲಿನಲ್ಲಿರುವ ಬೆಂಜೀನ್ ಒಂಟಿಯಾಗಿದ್ದರೆ 80 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ನೀರಿನ ಜೊತೆ ಇದ್ದಲ್ಲಿ 69ಕ್ಕೇ ಕುದಿ ಬರುತ್ತದೆ. ಅಂದರೆ ನೀರು ಕುದಿಯುವ ಮೊದಲೇ ನೆಲದೊಳಗೆ ಅನಿಲ ಎದ್ದಿರುತ್ತದೆ. ಆಮೇಲೆ ನೀರೂ ಕುದಿದರೆ ಒಂದು ಲೀಟರು 1,600 ಲೀಟರಿಗೂ ಹೆಚ್ಚು ಹಬೆಯಾಗುತ್ತದೆ. ಮೇಲೇರುವ ಗುಳ್ಳೆಗಳು ಜಿಗುಟು ಪದರದಡಿ ತಡೆದು ನಿಂತು ಅಡ್ಡಕ್ಕೆ ಹರಿಯುತ್ತವೆ, ತಂಪು ಮಣ್ಣು ಸಿಕ್ಕಲ್ಲಿ ಮತ್ತೆ ದ್ರವವಾಗುತ್ತವೆ. ಶುದ್ಧೀಕರಣವೇ ಹೊಸ ಜಾಗ ಕೆಡಿಸುವುದು ಹೀಗೆ. ಆದ್ದರಿಂದ ಹೀಟರಿಗಿಂತ ಮೊದಲು ಹೀರುವ ಕೊಳವೆಗಳು ಚಾಲೂ ಆಗಬೇಕು, ಅವುಗಳ ಬ್ಲೋವರಿಗೆ ಜನರೇಟರ್ ಇರಲೇಬೇಕು. ಕರೆಂಟು ಹೋದರೆ ಹೀಟರ್ ಆರುತ್ತದೆ, ನೆಲ ಆರುವುದಿಲ್ಲ.

ಇದನ್ನು ನಮ್ಮ ವಿಜಯಪುರ ಜಿಲ್ಲೆಯ ನೆಲಕ್ಕೆ ಹೊಂದಿಸಿ ನೋಡಿ. ಮೇಲೆ ಎರೆಮಣ್ಣು, ಕೆಳಗೆ ಒಂದರ ಮೇಲೊಂದು ಲಾವಾ ಪದರ, ನಡುವೆ ಅಲ್ಲಲ್ಲಿ ಕೆಂಪು ಜೇಡಿ. ಅನಿಲ ಅಡ್ಡಕ್ಕೆ ಹರಿಯಲು ಇದಕ್ಕಿಂತ ಅನುಕೂಲ ಬೇಕೇ? ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಪಟ್ಟಿಯಲ್ಲಿ ಇನ್ನೊಂದು ತೊಡಕಿದೆ. ನೀರಿನ ಮಟ್ಟದಿಂದ ಹತ್ತು ಮೀಟರ್ ಕೆಳಗೆ ಒತ್ತಡ ಹೆಚ್ಚು, ಅಲ್ಲಿ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಅದೇ ಬಿರುಕಿಗೆ ಸೇರಿದ ಪಕ್ಕದ ತೋಟದ ಬೋರ್‌ವೆಲ್ ಶುರುವಾಗಿ ಮಟ್ಟ ಕುಸಿದರೆ ಒತ್ತಡ ಇಳಿಯುತ್ತದೆ. ಕಾದು ಸುಮ್ಮನಿದ್ದ ನೀರು, ಕುಕ್ಕರಿನ ಸೀಟಿ ಎತ್ತಿದ ಹಾಗೆ, ಒಮ್ಮೆಲೇ ಹಬೆಯಾಗಬಹುದು. ಸುತ್ತಲಿನ ಪಂಪುಗಳು ಯಾವಾಗ ನಡೆಯುತ್ತವೆ ಎಂಬ ಪಟ್ಟಿಯೂ ಯೋಜನೆಯ ಭಾಗವಾಗಬೇಕು.

ವಿಜಯಪುರ ನಗರದ ಮಾತು ಇನ್ನೂ ಬೇರೆ. ತೊರವಿ ಕಡೆಯಿಂದ ನೀರು ತರಲು ಆದಿಲ್‌ಶಾಹಿಗಳು ಕೊರೆಸಿದ ಕರೇಜ್ ಸುರಂಗಗಳು, ಅವುಗಳಿಗೆ ಸಾಲಾಗಿ ಇಳಿಬಿಟ್ಟ ಬಾವಿಗಳು, ತಾಜ್ ಬಾವಡಿ, ಚಾಂದ್ ಬಾವಡಿಗಳು ಇರುವ ಊರಿದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಇಂಥ ಸುರಂಗಕ್ಕೆ ನುಗ್ಗಿದರೆ ತಣಿದು ತಳದಲ್ಲೇ ಕೂರುತ್ತದೆ. ಹೂಳೆತ್ತಲು ಇಳಿದವನ ಉಸಿರು ಕಟ್ಟಲು, ಒಂದು ಕಿಡಿಗೆ ಹೊತ್ತಿಕೊಳ್ಳಲು ಅಷ್ಟು ಸಾಕು. 1992ರ ಏಪ್ರಿಲ್ 22ರಂದು ಮೆಕ್ಸಿಕೊದ ಗ್ವಾಡಲಹಾರದಲ್ಲಿ ಚರಂಡಿಗೆ ಸೋರಿದ ಪೆಟ್ರೋಲಿನ ಆವಿ ಸಿಡಿದು ಬೀದಿಗಳೇ ಬಾಯ್ದೆರೆದವು, 200ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಯಾರೂ ನೆಲ ಕಾಯಿಸಿರಲಿಲ್ಲ.

ಅಂದಹಾಗೆ, ಈ ವಿಧಾನ ಆವಿಯಾಗುವ ವಿಷಕ್ಕೆ ಮಾತ್ರ. ಜಿಲ್ಲೆಯ ಹಳ್ಳಿಗಳನ್ನು ಕಾಡುವ ಫ್ಲೋರೈಡ್, ನೈಟ್ರೇಟ್ ಎಷ್ಟು ಕಾಯಿಸಿದರೂ ಹೀಗೆ ಹಬೆಯೊಡನೆ ಮೇಲೆ ಬರುವುದಿಲ್ಲ. ಯಾರಾದರೂ ಆ ಭರವಸೆ ಕೊಟ್ಟರೆ ನಂಬಬೇಡಿ.

ಹೊಸ ನಿಯಮದ ಪ್ರಕಾರ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ತಾಣಗಳ ವರದಿ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರೀಕ್ಷೆ, ನಂತರದ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ಮುಗಿಸಬೇಕು. ಪರೀಕ್ಷೆ ಯಾವ ಕಾಲದಲ್ಲಿ ಎಂಬುದೂ ಮುಖ್ಯ. ಎರೆಭೂಮಿ ಬೇಸಿಗೆಯಲ್ಲಿ ಕೈ ಹಿಡಿಯುವಷ್ಟು ಬಾಯಿ ಬಿಡುತ್ತದೆ, ಅನಿಲ ಅಲ್ಲಿಂದಲೇ ಹೊರಹೋಗುತ್ತದೆ. ಮಳೆ ಬಿದ್ದು ಮಣ್ಣು ಉಬ್ಬಿ ಬಿರುಕು ಮುಚ್ಚಿದರೆ ಅದೇ ಅನಿಲ ಪಕ್ಕದ ಬಾವಿಯ ದಾರಿ ಹಿಡಿಯುತ್ತದೆ. ಮೊದಲ ಪರೀಕ್ಷೆ ಮೇ ತಿಂಗಳಲ್ಲಿ ನಡೆದರೆ ಎರಡನೆಯದು ಹದ ಮಳೆಯಾದ ಮೇಲೆ ನಡೆಯಲಿ; ಮಂಡಳಿಗಿರುವ ಒಟ್ಟು ಆರು ತಿಂಗಳ ಗಡುವಿನೊಳಗೆ ಅದಕ್ಕೆ ಜಾಗವಿದೆ.